ಹಂಗಿಲ್ಲದ ಪತ್ರಿಕೆ: ಲಂಕೇಶರು ಬಿಟ್ಟುಹೋದ ಲೆಕ್ಕ

1980ರ ಜುಲೈ ತಿಂಗಳು ಕರ್ನಾಟಕದ ಸಾರ್ವಜನಿಕ ಬದುಕಿನಲ್ಲಿ ಎರಡು ಕಾರಣಗಳಿಗಾಗಿ ನೆನಪಿನಲ್ಲಿ ಉಳಿದಿದೆ. ಆ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನಿಂದ ಹೊಸದೊಂದು ವಾರಪತ್ರಿಕೆ ಹೊರಬಂತು. ಅದೇ ತಿಂಗಳ 21ರಂದು ಅವಿಭಜಿತ ಧಾರವಾಡ ಜಿಲ್ಲೆಯ ನರಗುಂದ ಮತ್ತು ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಚಳವಳಿ ಗೋಲಿಬಾರಿನಲ್ಲಿ ಪರ್ಯವಸಾನವಾಯಿತು. ಅಭಿವೃದ್ಧಿ ಕರದ ಹೊರೆ ತಾಳಲಾರದೆ ಬೀದಿಗಿಳಿದ ರೈತರು ಒಂದು ಕಡೆ; ನಾಲ್ಕು ಜನ ಹೇಳಲಂಜುವುದನ್ನು ಅಚ್ಚಿಸುತ್ತೇನೆಂದು ಹೊರಟ ಒಬ್ಬ ಮಾಜಿ ಇಂಗ್ಲಿಷ್ ಅಧ್ಯಾಪಕ ಇನ್ನೊಂದು ಕಡೆ. ಇವೆರಡೂ ಒಂದೇ ತಿಂಗಳಲ್ಲಿ ಘಟಿಸಿದ್ದು ಕಾಕತಾಳೀಯ ಇರಬಹುದು. ಆದರೆ ಆ ರೈತರ ಸಿಟ್ಟು ಮತ್ತು ಆ ಪತ್ರಿಕೆಯ ಸಿಟ್ಟು ಒಂದೇ ನೆಲದಿಂದ ಹುಟ್ಟಿದವು ಎಂಬುದು ಮಾತ್ರ ಕಾಕತಾಳೀಯವಲ್ಲ.

ಪಾಳ್ಯದ ಲಂಕೇಶ್ ತೀರಿಕೊಂಡದ್ದು 2000ದ ಜನವರಿಯಲ್ಲಿ. ಅಂದಿನಿಂದ ಕಾಲು ಶತಮಾನ ಕಳೆದಿದೆ. ಅವರ ಪತ್ರಿಕೆಯನ್ನು ಬಸ್ ನಿಲ್ದಾಣದ ಅಂಗಡಿಯಲ್ಲಿ ಕಾದು ಕೊಂಡವರ ಮಕ್ಕಳು ಇಂದು ಸುದ್ದಿಯನ್ನು ಅಂಗೈಯೊಳಗಿನ ಪರದೆಯಲ್ಲಿ ಓದುತ್ತಾರೆ. ಲಂಕೇಶರ ಹೆಸರು ಮಾತ್ರ ಇನ್ನೂ ಸಭೆಗಳಲ್ಲಿ ಕೇಳಿಬರುತ್ತದೆ. ಮುಲಾಜಿಲ್ಲದೆ ಬರೆಯುವ ಯಾರನ್ನೇ ಆಗಲಿ ಅವರ ಪರಂಪರೆಗೆ ಸೇರಿಸುವ ರೂಢಿಯೂ ಬೆಳೆದಿದೆ. ಹೀಗೆ ಸುಲಭವಾಗಿ ಸೇರಿಸುವ ಮೊದಲು, ಆ ಪರಂಪರೆಯ ಹುರುಳು ಯಾವುದು, ಸಿಪ್ಪೆ ಯಾವುದು ಎಂದು ಬಿಡಿಸಿ ನೋಡುವ ಅಗತ್ಯವಿದೆ.

ಕೊನಗವಳ್ಳಿಯಿಂದ ಗಾಂಧಿ ಬಜಾರಿಗೆ

ಲಂಕೇಶ್ ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ಸಮೀಪದ ಕೊನಗವಳ್ಳಿಯ ರೈತ ಕುಟುಂಬದಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ಎ. ಮುಗಿಸಿ, ಶಿವಮೊಗ್ಗ ಮತ್ತು ಬೆಂಗಳೂರುಗಳಲ್ಲಿ ಸುಮಾರು ಎರಡು ದಶಕ ಪಾಠ ಹೇಳಿದರು. ಅವರು ಬೆಳೆದ ಶಿವಮೊಗ್ಗ ಜಿಲ್ಲೆ 1951ರ ಕಾಗೋಡು ಸತ್ಯಾಗ್ರಹವನ್ನು ಕಂಡ ನೆಲ. ಗೇಣಿದಾರರ ಪರವಾದ ಆ ಹೋರಾಟದ ನೆನಪು, ರಾಮಮನೋಹರ ಲೋಹಿಯಾ ಅವರ ವಿಚಾರ, ಶಾಂತವೇರಿ ಗೋಪಾಲಗೌಡರ ನಿಷ್ಠುರ ಬದುಕು ಇವೆಲ್ಲ ಆ ತಲೆಮಾರಿನ ಲೇಖಕರ ಒಳಗನ್ನು ತಿದ್ದಿದ್ದವು. ಅನಂತಮೂರ್ತಿ, ತೇಜಸ್ವಿ, ಲಂಕೇಶ್ ಮೂವರೂ ಒಂದೊಂದು ರೀತಿಯಲ್ಲಿ ಈ ಸಮಾಜವಾದಿ ಹಿನ್ನೆಲೆಯ ಫಲ.

ಪತ್ರಕರ್ತರಾಗುವ ಮೊದಲೇ ಲಂಕೇಶ್ ಕನ್ನಡದ ಮುಖ್ಯ ಲೇಖಕರಾಗಿದ್ದರು. 1963ರಲ್ಲಿ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಕಥಾಸಂಕಲನ, ಆಮೇಲೆ ‘ಬಿರುಕು’ ಕಾದಂಬರಿ, ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಹೊಸ ಕಣ್ಣಿನಿಂದ ನೋಡಿದ ‘ಸಂಕ್ರಾಂತಿ’ ನಾಟಕ, ಹೊಸ ತಲೆಮಾರಿನ ಕವಿತೆಗಳನ್ನು ಒಟ್ಟುಗೂಡಿಸಿದ ‘ಅಕ್ಷರ ಹೊಸ ಕಾವ್ಯ’, ಫ್ರೆಂಚ್ ಕವಿ ಬೋದಿಲೇರನನ್ನು ಕನ್ನಡಕ್ಕೆ ತಂದ ‘ಪಾಪದ ಹೂಗಳು’ ಹೀಗೆ ಪಟ್ಟಿ ದೊಡ್ಡದು. 1970ರ ‘ಸಂಸ್ಕಾರ’ ಚಿತ್ರದಲ್ಲಿ ಅಗ್ರಹಾರದ ಕಟ್ಟಳೆಗಳನ್ನೆಲ್ಲ ಮುರಿಯುವ ನಾರಣಪ್ಪನ ಪಾತ್ರವನ್ನು ಅವರು ವಹಿಸಿದರು. ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರು ಮುಂದೆ ತುರ್ತುಪರಿಸ್ಥಿತಿಯಲ್ಲಿ ಜೈಲು ಸೇರಿ, 1977ರ ಜನವರಿಯಲ್ಲಿ, ಬಿಡುಗಡೆಯಾದ ಸ್ವಲ್ಪ ಕಾಲದಲ್ಲೇ ತೀರಿಕೊಂಡರು. ಅಧಿಕಾರ ಮನುಷ್ಯರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಆ ಬಳಗಕ್ಕೆ ಪುಸ್ತಕದ ವಿಷಯವಾಗಿರಲಿಲ್ಲ. 1976ರಲ್ಲಿ ಲಂಕೇಶ್ ನಿರ್ದೇಶಿಸಿದ ಮೊದಲ ಚಿತ್ರ ‘ಪಲ್ಲವಿ’ಗೆ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ದೊರೆಯಿತು. ಅನಂತರ ಬಂದದ್ದು ‘ಅನುರೂಪ’, ‘ಖಂಡವಿದೆಕೊ ಮಾಂಸವಿದೆಕೊ’, ‘ಎಲ್ಲಿಂದಲೋ ಬಂದವರು’.

ವಿಶ್ವವಿದ್ಯಾಲಯದ ಭದ್ರವಾದ ನೌಕರಿ, ಸಾಹಿತ್ಯದ ಪ್ರತಿಷ್ಠೆ, ಸಿನಿಮಾದ ಹೆಸರು ಎಲ್ಲವೂ ಇದ್ದ ಮನುಷ್ಯ 45ನೆಯ ವಯಸ್ಸಿನಲ್ಲಿ ಸುದ್ದಿಪತ್ರಿಕೆಯ ಕೆಲಸಕ್ಕೆ ಇಳಿದದ್ದು ಅಂದಿನ ಸಾಹಿತ್ಯವಲಯಕ್ಕೆ ವಿಚಿತ್ರವಾಗಿ ಕಂಡಿತು. ಒಳ್ಳೆಯ ಕತೆಗಾರನೊಬ್ಬನನ್ನು ರಾಜಕೀಯದ ವರದಿಗಾರಿಕೆ ನುಂಗಿತು ಎಂದು ಮರುಗಿದವರಿದ್ದರು. ಆದರೆ 1993ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಕಲ್ಲು ಕರಗುವ ಸಮಯ’ ಸಂಕಲನವೂ, ರೋಗ ಹಿಡಿದ ದೊರೆ ನಾದಿರ್‌ ಷಾ ಮತ್ತು ಅಂಜದ ಹಕೀಮನನ್ನು ಎದುರುಬದುರು ನಿಲ್ಲಿಸಿದ ‘ಗುಣಮುಖ’ ನಾಟಕವೂ ಬಂದದ್ದು ಪತ್ರಿಕೆಯ ವರ್ಷಗಳಲ್ಲೇ. ಪತ್ರಿಕೆ ಅವರೊಳಗಿನ ಲೇಖಕನನ್ನು ನುಂಗಲಿಲ್ಲ. ದಿನನಿತ್ಯ ಅಧಿಕಾರದ ಮುಖ ನೋಡುವ ಅಭ್ಯಾಸ ಆ ಲೇಖಕನಿಗೆ ಹೊಸ ವಸ್ತುವನ್ನು ಒದಗಿಸಿತು.

ಹೊಸ ಓದುಗ ಬಂದ ಹೊತ್ತು

ಯಾವ ಪತ್ರಿಕೆಯೂ ಸಂಪಾದಕನ ಧೈರ್ಯವೊಂದರಿಂದಲೇ ನಿಲ್ಲುವುದಿಲ್ಲ. ಅದನ್ನು ಓದುವವರು ಮೊದಲು ಹುಟ್ಟಿರಬೇಕು. ಎಪ್ಪತ್ತರ ದಶಕದ ಕರ್ನಾಟಕದಲ್ಲಿ ಅಂಥ ಓದುಗ ಹುಟ್ಟುತ್ತಿದ್ದ. 1972ರಲ್ಲಿ ಅಧಿಕಾರಕ್ಕೆ ಬಂದ ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂತು, 1975ರಲ್ಲಿ ಹಾವನೂರು ಆಯೋಗ ಹಿಂದುಳಿದ ವರ್ಗಗಳ ಕುರಿತ ವರದಿ ಕೊಟ್ಟಿತು. ಗೇಣಿದಾರರ, ಕುಶಲಕರ್ಮಿಗಳ, ದಲಿತರ ಮಕ್ಕಳು ಹಾಸ್ಟೆಲುಗಳಲ್ಲಿದ್ದು ಕಾಲೇಜಿಗೆ ಹೋದರು. ಮನೆಯಲ್ಲಿ ಮೊದಲ ಬಾರಿಗೆ ಪತ್ರಿಕೆ ಓದಬಲ್ಲವರು ಇವರೇ. ದಲಿತ ಸಂಘರ್ಷ ಸಮಿತಿ, ರೈತಸಂಘ, ಬಂಡಾಯ ಸಾಹಿತ್ಯ ಸಂಘಟನೆಗಳು ಇದೇ ಅವಧಿಯಲ್ಲಿ ರೂಪುಗೊಂಡವು. ಈ ಹೊಸ ಓದುಗನಿಗೆ ತನ್ನ ತಾಲ್ಲೂಕಿನ ತಹಶೀಲ್ದಾರ, ತನ್ನ ಶಾಸಕ, ತನ್ನೂರಿನ ಸಹಕಾರ ಸಂಘ, ತನ್ನ ಹಾಸ್ಟೆಲಿನ ಊಟ ಇವೇ ರಾಜಕೀಯವಾಗಿತ್ತು. ಇವನ ಅನುಭವಕ್ಕೆ ದೊಡ್ಡ ದಿನಪತ್ರಿಕೆಗಳಲ್ಲಿ ಜಾಗ ಕಡಿಮೆ ಇತ್ತು.

ಪತ್ರಿಕೆ ಆರಂಭಿಸುವ ಮೊದಲು ಲಂಕೇಶ್, ಪೂರ್ಣಚಂದ್ರ ತೇಜಸ್ವಿ ಮತ್ತು ಮೈಸೂರಿನ ಕೆ. ರಾಮದಾಸ್ ಕೂಡಿ ರಾಜ್ಯ ಸುತ್ತಿದರು. ಊರೂರುಗಳ ಗೆಳೆಯರನ್ನು, ಚಳವಳಿಗಾರರನ್ನು ಕಂಡು ಮಾತಾಡಿದರು. ಮಾರುಕಟ್ಟೆ ಸಮೀಕ್ಷೆ ಎಂದು ಇಂದು ಕರೆಯುವ ಕೆಲಸದ ಇನ್ನೊಂದು ಬಗೆ ಇದು. ಕೊಳ್ಳುವವರು ಎಷ್ಟು ಜನ ಎಂದು ಲೆಕ್ಕ ಹಾಕುವುದಕ್ಕಿಂತ, ಹೇಳಬೇಕಾದ ಮಾತು ಯಾರ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುವುದು ಆ ಪ್ರವಾಸದ ಫಲವಾಯಿತು.

ಹೊರಬಂದ ಪತ್ರಿಕೆಯ ಹೆಸರಿನಲ್ಲಿ ಸಂಪಾದಕನ ಹೆಸರೇ ಇತ್ತು. ಇದನ್ನು ಅಹಂಕಾರವೆಂದವರಿಗೆ ಉತ್ತರವೂ ಅದರೊಳಗೇ ಇತ್ತು: ಒಳಗೆ ಬರೆದದ್ದಕ್ಕೆಲ್ಲ ಹೊಣೆ ಯಾರು ಎಂದು ಓದುಗ ಹುಡುಕಬೇಕಾಗಿರಲಿಲ್ಲ. ‘ಜಾಣ ಜಾಣೆಯರ ಪತ್ರಿಕೆ’ ಎಂಬುದು ಅದರ ಘೋಷವಾಕ್ಯ. ಹೆಣ್ಣುಮಕ್ಕಳಿಗೆ ಅಡುಗೆ, ರಂಗೋಲಿ, ಧಾರಾವಾಹಿ ಕತೆಗಳ ಪುಟವನ್ನು ಬೇರೆಯಾಗಿ ತೆಗೆದಿಡುತ್ತಿದ್ದ ಕಾಲದಲ್ಲಿ, ರಾಜಕೀಯ ಪತ್ರಿಕೆಯೊಂದು ಜಾಣನ ಪಕ್ಕದಲ್ಲಿ ಜಾಣೆಯನ್ನು ಸಮಸಮವಾಗಿ ಕೂರಿಸಿ ಮಾತಾಡಿಸಿತು. ಈ ಒಂದು ಪದದ ಪರಿಣಾಮ ಎಷ್ಟು ದೂರ ಹೋಯಿತೆಂಬುದನ್ನು ಮುಂದೆ ನೋಡೋಣ.

ಜಾಹೀರಾತು ಬೇಡವೆಂದ ಬಂಡಾಯ

ಲಂಕೇಶರ ಬಂಡಾಯವನ್ನು ನಾವು ಸಾಮಾನ್ಯವಾಗಿ ಅವರ ಭಾಷೆಯಲ್ಲಿ ಗುರುತಿಸುತ್ತೇವೆ. ಆದರೆ ಅದರ ಬೇರು ಇದ್ದದ್ದು ಪತ್ರಿಕೆಯ ಖರ್ಚುವೆಚ್ಚದ ಪುಸ್ತಕದಲ್ಲಿ. ಲಂಕೇಶ್ ಪತ್ರಿಕೆ ಜಾಹೀರಾತುಗಳನ್ನು ಪ್ರಕಟಿಸಲಿಲ್ಲ. ಇದು ಎಷ್ಟು ದೊಡ್ಡ ತೀರ್ಮಾನವೆಂದು ಅರ್ಥವಾಗಲು ಪತ್ರಿಕೆಯ ಅರ್ಥಶಾಸ್ತ್ರವನ್ನು ಕೊಂಚ ನೋಡಬೇಕು. ಸಾಮಾನ್ಯ ಪತ್ರಿಕೆಯೊಂದನ್ನು ಓದುಗ ಕೊಡುವ ಬೆಲೆ ಸಾಕುವುದಿಲ್ಲ. ಕಾಗದ, ಅಚ್ಚು, ಸಂಬಳ, ಸಾಗಣೆ, ಏಜೆಂಟರ ಕಮಿಷನ್ ಎಲ್ಲ ಕಳೆದರೆ ಒಂದೊಂದು ಪ್ರತಿಯೂ ನಷ್ಟವೇ. ಆ ನಷ್ಟವನ್ನು ತುಂಬುವವರು ಜಾಹೀರಾತುದಾರರು. ಅವರಲ್ಲಿ ಎಲ್ಲರಿಗಿಂತ ದೊಡ್ಡವರು ಸರ್ಕಾರ. ಯಾವ ಸರ್ಕಾರವೂ ಸಂಪಾದಕನಿಗೆ ಬೆದರಿಕೆ ಹಾಕಬೇಕಾಗಿಲ್ಲ. ಜಾಹೀರಾತು ಬಿಡುಗಡೆ ಮಾಡುವ ಕಡತವೊಂದು ಮೇಜಿನಿಂದ ಮೇಜಿಗೆ ಹೋಗುವುದು ನಿಧಾನವಾದರೆ ಸಾಕು.

ಲಂಕೇಶ್ ಈ ದಾರವನ್ನು ಮೊದಲೇ ಕತ್ತರಿಸಿಕೊಂಡರು. ಪತ್ರಿಕೆಯ ಉಳಿವು ವಾರವಾರವೂ ಅದನ್ನು ಕೊಳ್ಳುವ ಓದುಗನ ಕೈಯಲ್ಲಿತ್ತು. ಕನ್ನಡದಲ್ಲಿ ಈ ವೃತ್ತಿಗೆ ಪತ್ರಿಕೋದ್ಯಮ ಎಂಬ ಹೆಸರಿದೆ. ಉದ್ಯಮ ಎಂಬುದು ಪದದೊಳಗೇ ಸೇರಿಕೊಂಡಿದೆ. ಆ ಉದ್ಯಮದ ಲೆಕ್ಕಾಚಾರವನ್ನು ತಿರಸ್ಕರಿಸದೆ, ಅದನ್ನು ಒಬ್ಬನೇ ಯಜಮಾನನಿಗೆ, ಅಂದರೆ ಓದುಗನಿಗೆ, ಒಪ್ಪಿಸುವಂತೆ ತಿರುಗಿಸಿದ್ದು ಲಂಕೇಶರ ಸಾಧನೆ. ಪತ್ರಿಕೆ ಮಾರಾಟವಾಗಲೇಬೇಕಿತ್ತು, ಮಾರಾಟವಾಗಲು ಓದಿಸಿಕೊಳ್ಳಬೇಕಿತ್ತು. ಹೀಗಾಗಿ ಅದು ಒಣ ಸಿದ್ಧಾಂತದ ಕರಪತ್ರವಾಗಲು ಸಾಧ್ಯವೇ ಇರಲಿಲ್ಲ.

ಕನ್ನಡ ಪತ್ರಿಕೆಗಳಿಗೆ ಅಧಿಕಾರದೊಡನೆ ಜಗಳವೇನೂ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1908ರ ಪತ್ರಿಕಾ ಕಾಯ್ದೆಯ ಕಾಲದಿಂದಲೂ ಸಂಪಾದಕರು ಆ ಕಷ್ಟ ಉಂಡಿದ್ದಾರೆ. ಆದರೆ ಆ ಹಿರಿಯರ ಎದುರಿಗಿದ್ದದ್ದು ಕಾಯ್ದೆಯ ಕತ್ತಿ. ಲಂಕೇಶರ ಕಾಲಕ್ಕೆ ಕತ್ತಿಯ ಜೊತೆಗೆ ಥೈಲಿಯೂ ಬಂದಿತ್ತು. ಅವರು ಎರಡನ್ನೂ ಗುರುತಿಸಿದರು.

ಆರ್. ಗುಂಡೂರಾವ್ 1980ರ ಜನವರಿಯಿಂದ ಮೂರು ವರ್ಷ ಮುಖ್ಯಮಂತ್ರಿಯಾಗಿದ್ದರು. ಪತ್ರಕರ್ತರನ್ನು ಅರಬ್ಬಿ ಸಮುದ್ರಕ್ಕೆ ಎಸೆಯುವ ಮಾತಾಡಿ ಸುದ್ದಿಯಾದವರು ಅವರು. ಲಂಕೇಶ್ ಪತ್ರಿಕೆ ಅವರನ್ನು ‘ಗುಂ’ ಎಂದು ಕರೆಯಿತು. ವಿಧಾನಸೌಧದ ದರ್ಬಾರು, ಗುತ್ತಿಗೆಗಳ ವ್ಯವಹಾರ, ಮಂತ್ರಿಗಳ ಠೇಂಕಾರ ಎಲ್ಲವೂ ಹಳ್ಳಿಯ ಕಟ್ಟೆಯ ಹರಟೆಯ ಧಾಟಿಯಲ್ಲಿ ಪತ್ರಿಕೆಯ ಪುಟಕ್ಕೆ ಬಂದವು. ಅಧಿಕಾರಸ್ಥರನ್ನು ಬಹುವಚನದಲ್ಲಿ, ಬೆನ್ನು ಬಾಗಿಸಿ ಬರೆಯುತ್ತಿದ್ದ ಸುದ್ದಿಯ ಭಾಷೆಗೆ ಇದು ಮರ್ಮಾಘಾತ. ರೈತ ಚಳವಳಿ, 1982ರ ಗೋಕಾಕ್ ಚಳವಳಿ, ಆಳುವ ಪಕ್ಷದೊಳಗಿನ ಒಡಕು ಇವೆಲ್ಲ ಸೇರಿ 1983ರ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಪತ್ರಿಕೆಯೊಂದೇ ಸರ್ಕಾರ ಉರುಳಿಸಿತು ಎಂಬುದು ಅಭಿಮಾನದ ಅತಿಶಯೋಕ್ತಿ. ಆದರೆ ಜನರ ಅಸಮಾಧಾನಕ್ಕೆ ನಗು ಮತ್ತು ಮಾತು ಎರಡನ್ನೂ ಒದಗಿಸಿದ ಪಾಲು ಅದಕ್ಕೆ ಸಲ್ಲಬೇಕು.

ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. ತಾನು ಬಯಸಿದ ಬದಲಾವಣೆ ಬಂದ ಬಳಿಕ ಪತ್ರಕರ್ತ ಏನು ಮಾಡುತ್ತಾನೆ? ರಾಮಕೃಷ್ಣ ಹೆಗಡೆಯವರ ಸರ್ಕಾರದ ಬಗ್ಗೆ ನಾಡಿನ ಬುದ್ಧಿಜೀವಿಗಳಲ್ಲಿ ಅಪಾರ ನಿರೀಕ್ಷೆ ಇತ್ತು. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯಂಥ ವಿವಾದಗಳು ಎದ್ದಾಗ ಲಂಕೇಶರ ಲೇಖನಿ ಹೆಗಡೆಯವರ ಕಡೆಗೂ ತಿರುಗಿತು. ಮುಂದೆ ಬಂಗಾರಪ್ಪನವರ ಕಡೆಗೂ ತಿರುಗಿತು. ಸೋತ ಮುಖ್ಯಮಂತ್ರಿಯನ್ನು ಟೀಕಿಸುವುದು ಸುಲಭ. ತಾನು ಕೂಡ ಹಾರೈಸಿದ ಮುಖ್ಯಮಂತ್ರಿಯನ್ನು ಅದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ಸಂಪಾದಕ ನಿಜವಾಗಿ ಸ್ವತಂತ್ರನೇ ಎಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಬರೆಯದವರು ಬರೆದದ್ದು

ಪತ್ರಿಕೆಯ ರಾಜಕೀಯ ವರದಿಗಳು ಆಯಾ ಕಾಲದ ಜೊತೆಗೆ ಹಳೆಯದಾದವು. ಹಳೆಯದಾಗದೆ ಉಳಿದದ್ದು ಅದು ಬೆಳೆಸಿದ ಬರಹಗಾರರು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಸಂಸಾರ ನಡೆಸುತ್ತಿದ್ದ ಸಾರಾ ಅಬೂಬಕ್ಕರ್ ನಲವತ್ತು ದಾಟಿದ ಮೇಲೆ ಲೇಖನಿ ಹಿಡಿದವರು. ಅವರ ಬರಹವನ್ನು ಪ್ರಕಟಿಸಿ, ತಮ್ಮ ಸಮುದಾಯದ ಹೆಣ್ಣುಮಕ್ಕಳ ಬದುಕನ್ನು ಬರೆಯುವಂತೆ ಹುರಿದುಂಬಿಸಿದವರು ಲಂಕೇಶ್. ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಈ ಪತ್ರಿಕೆಯಲ್ಲೇ. ತಲಾಖ್ ಮತ್ತು ಮರುಮದುವೆಯ ಕಟ್ಟಳೆಗಳ ನಡುವೆ ನಲುಗುವ ನಾದಿರಾಳ ಕತೆ ಕನ್ನಡದ ಸಾಮಾನ್ಯ ಓದುಗನ ಮನೆಗೆ ಹೋಯಿತು. ಸಾರಾ 2023ರ ಜನವರಿಯಲ್ಲಿ ತೀರಿಕೊಳ್ಳುವ ಹೊತ್ತಿಗೆ ಕನ್ನಡದ ಗಟ್ಟಿ ದನಿಗಳಲ್ಲಿ ಒಂದಾಗಿದ್ದರು.

ಹಾಸನದ ಬಾನು ಮುಷ್ತಾಕ್ ಎಂಬತ್ತರ ದಶಕದಲ್ಲಿ ಇದೇ ಪತ್ರಿಕೆಗೆ ವರದಿಗಾರ್ತಿಯಾದರು. ಮುಸ್ಲಿಂ ಹೆಣ್ಣುಮಕ್ಕಳು ಚಿತ್ರಮಂದಿರಕ್ಕೆ ಹೋಗಬಾರದೆಂಬ ವಿಜಾಪುರದ ನಿರ್ಬಂಧವನ್ನು ಪ್ರಶ್ನಿಸಿ ಅವರು ಬರೆದ ಬರಹ ಆ ನಂಟಿನ ಆರಂಭದ ಹೆಜ್ಜೆಗಳಲ್ಲಿ ಒಂದು. ವರದಿಗಾರಿಕೆಯಲ್ಲಿ ಕಂಡ ಕೋರ್ಟು ಕಚೇರಿ, ಪೊಲೀಸು ಠಾಣೆ, ಹೆರಿಗೆ ಆಸ್ಪತ್ರೆಗಳ ಲೋಕ ಅವರ ಕತೆಗಳ ಲೋಕವೂ ಆಯಿತು. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ಕಥಾಸಂಕಲನ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆಯಿತು. ಕನ್ನಡಕ್ಕೆ ಇದು ಮೊದಲ ಬಾರಿ. ಆ ಗೌರವ ಸಂಪೂರ್ಣವಾಗಿ ಬಾನು ಅವರದು, ಅನುವಾದಕಿಯದು. ಆದರೂ ಅಂದು ತಾಲ್ಲೂಕು, ಜಿಲ್ಲೆಗಳಿಂದ ಬರುತ್ತಿದ್ದ ಅಪರಿಚಿತ ಹಸ್ತಪ್ರತಿಗಳನ್ನು ಕಸದ ಬುಟ್ಟಿಗೆ ಹಾಕದೆ ಓದಿದ ಸಂಪಾದಕನೊಬ್ಬನಿದ್ದ ಎಂಬುದನ್ನೂ ಮರೆಯಬಾರದು.

ಅವರಿಬ್ಬರೇ ಅಲ್ಲ. ಲಂಬಾಣಿ ಸಮುದಾಯದಿಂದ ಬಂದ ಬಿ.ಟಿ. ಲಲಿತಾ ನಾಯಕ್, ರಾಜಕೀಯ ಬರಹಕ್ಕೆ ಹೊಸ ಮೊನಚು ಕೊಟ್ಟ ರವೀಂದ್ರ ರೇಷ್ಮೆ, ವ್ಯಂಗ್ಯ ಬರೆದ ಮಂಡ್ಯದ ಎಚ್.ಎಲ್. ಕೇಶವಮೂರ್ತಿ ಇವರೆಲ್ಲರ ಹೆಸರು ಪತ್ರಿಕೆಯ ಜೊತೆ ಬೆಸೆದುಕೊಂಡಿದೆ. ಮೂಡಿಗೆರೆಯಿಂದ ತೇಜಸ್ವಿ ಬರೆಯುತ್ತಿದ್ದರು. ಸಂಪಾದಕರೇ ‘ಟೀಕೆ ಟಿಪ್ಪಣಿ’ಯಲ್ಲಿ ರಾಜಕೀಯದಿಂದ ಹಿಡಿದು ಸಾಹಿತ್ಯ, ಸಿನಿಮಾ, ಸಾವು, ಸ್ನೇಹಗಳವರೆಗೆ ಬರೆದರು, ನೀಲು ಎಂಬ ಹೆಣ್ಣಿನ ದನಿಯಲ್ಲಿ ಪುಟ್ಟ ಪದ್ಯಗಳನ್ನು ಬರೆದರು. ಒಂದು ಪುಟದಲ್ಲಿ ಶಾಸಕನ ಭ್ರಷ್ಟಾಚಾರ, ಮುಂದಿನ ಪುಟದಲ್ಲಿ ಒಂದು ಒಳ್ಳೆಯ ಕತೆ. ಇವೆರಡೂ ಬೇರೆ ಬೇರೆ ಓದುಗರಿಗೆ ಸೇರಿದ್ದು ಎಂಬ ಭೇದವನ್ನು ಅವರು ಒಪ್ಪಲಿಲ್ಲ. ಸಾಹಿತ್ಯದ ರುಚಿ ಹತ್ತಿದವನಿಗೆ ರಾಜಕಾರಣಿಯ ಭಾಷಣದ ಟೊಳ್ಳು ಬೇಗ ಕೇಳಿಸುತ್ತದೆ ಎಂಬ ನಂಬಿಕೆ ಆ ಪುಟಗಳ ಹಿಂದೆ ಕೆಲಸ ಮಾಡಿತ್ತು.

ಮೊನಚಿನ ಇನ್ನೊಂದು ಮಗ್ಗುಲು

ಇಷ್ಟು ಹೇಳಿ ನಿಲ್ಲಿಸಿದರೆ ಅದು ಲಂಕೇಶರಿಗೆ ಸಲ್ಲದ ಬರಹವಾದೀತು. ಅವರಿಗೆ ಆರಾಧನೆ ಹಿಡಿಸುತ್ತಿರಲಿಲ್ಲ. ಪತ್ರಿಕೆಯ ಅಡ್ಡಹೆಸರುಗಳು ಓದುಗನನ್ನು ನಗಿಸಿದವು. ಕೆಲವೊಮ್ಮೆ ವ್ಯಕ್ತಿಯ ನೀತಿಗಿಂತ ಮುಂದೆ ಹೋಗಿ ಅವನ ಖಾಸಗಿ ಬದುಕನ್ನು, ಮೈಕಟ್ಟನ್ನು, ಮನೆಯವರನ್ನು ಮುಟ್ಟಿದವು. ಗಾಳಿಮಾತಿಗೂ ಸಾಕ್ಷ್ಯಕ್ಕೂ ನಡುವಿನ ಗೆರೆಯನ್ನು ಪತ್ರಿಕೆ ಸದಾ ಕಾಯ್ದುಕೊಂಡಿತೆಂದು ಹೇಳಲಾಗದು. ಮಾನನಷ್ಟ ಮೊಕದ್ದಮೆಗಳು ಅದರ ನಿತ್ಯದ ಸಂಗಾತಿಗಳಾಗಿದ್ದವು. ಅವುಗಳಲ್ಲಿ ಹಲವು ಬಾಯಿ ಮುಚ್ಚಿಸುವ ತಂತ್ರವಾಗಿದ್ದವು ಎಂಬುದು ನಿಜ. ಎಲ್ಲವೂ ಹಾಗೆಯೇ ಇದ್ದವು ಎನ್ನುವುದು ಕಷ್ಟ. ಸಮಕಾಲೀನ ಲೇಖಕರ ಬಗ್ಗೆ, ಅದರಲ್ಲೂ ಒಂದು ಕಾಲದ ಆಪ್ತರಾದ ಅನಂತಮೂರ್ತಿಯವರ ಬಗ್ಗೆ, ಅವರು ತೋರಿದ ಕಟುತ್ವ ಎಲ್ಲ ಸಲವೂ ವಿಮರ್ಶೆಯ ನೆಲೆಯಲ್ಲಿರಲಿಲ್ಲ. ಪ್ರಗತಿರಂಗವೆಂಬ ರಾಜಕೀಯ ವೇದಿಕೆಯನ್ನು ಕಟ್ಟುವ ಪ್ರಯತ್ನವೂ ಫಲಿಸಲಿಲ್ಲ. ಪತ್ರಕರ್ತ ತಾನೇ ರಾಜಕಾರಣಕ್ಕೆ ಇಳಿದಾಗ ಅವನ ತಕ್ಕಡಿಯ ಮುಳ್ಳು ಅಲುಗದೆ ಇರುವುದಿಲ್ಲ.

ಇನ್ನೊಂದು ವಿಚಾರ. ಲಂಕೇಶ್ ಪತ್ರಿಕೆಯ ಯಶಸ್ಸು ಕನ್ನಡದಲ್ಲಿ ಟ್ಯಾಬ್ಲಾಯ್ಡ್ ಆಕಾರದ ವಾರಪತ್ರಿಕೆಗಳ ಸಾಲನ್ನೇ ಹುಟ್ಟಿಸಿತು. ಅವುಗಳಲ್ಲಿ ಗಂಭೀರ ಪ್ರಯತ್ನಗಳೂ ಇದ್ದವು. ಆದರೆ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಬರೆಯುತ್ತೇನೆಂದು ಹೆದರಿಸಿ, ಬರೆಯದಿರಲು ಹಣ ಕೇಳುವ ಒಂದು ಕಸುಬೂ ಬೆಳೆಯಿತು. ಅದೇ ಆಕಾರ, ಅದೇ ದಪ್ಪಕ್ಷರ, ಅದೇ ಬೈಗುಳ. ಒಳಗಿನ ಓದು ಮತ್ತು ಹಂಗಿಲ್ಲದ ಲೆಕ್ಕ ಮಾತ್ರ ಇಲ್ಲ. ಇದಕ್ಕೆ ಲಂಕೇಶರನ್ನು ಹೊಣೆ ಮಾಡುವುದು ಅನ್ಯಾಯ. ಆದರೆ ಅನುಕರಿಸಲು ಸುಲಭವಾದದ್ದು ಅವರ ಧಾಟಿಯೇ ಹೊರತು ಅವರ ತ್ಯಾಗವಲ್ಲ ಎಂಬುದನ್ನು ಈ ಇತಿಹಾಸ ಸ್ಪಷ್ಟವಾಗಿ ತೋರಿಸುತ್ತದೆ. ಇಂದು ಟಿ.ವಿ. ಸ್ಟುಡಿಯೋಗಳಲ್ಲಿ ಏಕವಚನದಲ್ಲಿ ಅಬ್ಬರಿಸುವವರನ್ನು ಕಂಡು ನೇರ ನಿಷ್ಠುರ ಎಂದು ಮೆಚ್ಚುವವರಿದ್ದಾರೆ. ಆ ಅಬ್ಬರ ಯಾರ ಮೇಲೆ, ಯಾರ ಖರ್ಚಿನಲ್ಲಿ ಎಂದು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಲಂಕೇಶರ ಏಕವಚನ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು.

ಓದುಗರನ್ನೇ ಆಧಾರವಾಗಿಟ್ಟುಕೊಂಡ ಪ್ರಯೋಗಗಳಲ್ಲಿ ಇನ್ನೊಂದನ್ನೂ ನೆನೆಯಬೇಕು. ವಡ್ಡರ್ಸೆ ರಘುರಾಮ ಶೆಟ್ಟಿ 1984ರಲ್ಲಿ ಮಂಗಳೂರಿನಿಂದ ‘ಮುಂಗಾರು’ ದಿನಪತ್ರಿಕೆಯನ್ನು ಓದುಗರ ಷೇರು ಹಣದಿಂದ ಆರಂಭಿಸಿದರು. ಅದರಲ್ಲಿ ಕೆಲಸ ಕಲಿತವರು ಮುಂದೆ ನಾಡಿನ ಅನೇಕ ಪತ್ರಿಕೆಗಳಲ್ಲಿ ಹೆಸರು ಮಾಡಿದರು. ಪತ್ರಿಕೆ ಮಾತ್ರ ಬಾಳಲಿಲ್ಲ. ದಿನಪತ್ರಿಕೆಗೆ ಬೇಕಾದ ಬಂಡವಾಳದ ಭಾರ ವಾರಪತ್ರಿಕೆಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಲಂಕೇಶರ ದಾರಿ ಗೆದ್ದದ್ದು ಧೈರ್ಯದಿಂದ ಮಾತ್ರವಲ್ಲ. ತನ್ನ ಗಾತ್ರವನ್ನು ಅಳತೆಯಲ್ಲಿಟ್ಟುಕೊಂಡ ವಿವೇಕದಿಂದ ಕೂಡ.

ಮಗಳು ತೆತ್ತ ಬೆಲೆ

ಲಂಕೇಶರ ನಂತರ ಪತ್ರಿಕೆಯ ಸಂಪಾದಕತ್ವವನ್ನು ಹಿರಿಯ ಮಗಳು ಗೌರಿ ವಹಿಸಿಕೊಂಡರು. ಅಲ್ಲಿಯವರೆಗೆ ಅವರು ಇಂಗ್ಲಿಷ್ ಪತ್ರಿಕೋದ್ಯಮದಲ್ಲಿದ್ದವರು. ತಂದೆಯ ಕನ್ನಡದ ಸೊಗಸು ತನಗಿಲ್ಲವೆಂಬ ಅರಿವಿನಿಂದಲೇ ಅವರು ಆ ಭಾಷೆಯನ್ನು ಮತ್ತೆ ಕಲಿತರು. ಕುಟುಂಬದೊಳಗಿನ ಭಿನ್ನಾಭಿಪ್ರಾಯದ ಬಳಿಕ 2005ರಲ್ಲಿ ‘ಗೌರಿ ಲಂಕೇಶ್ ಪತ್ರಿಕೆ’ಯನ್ನು ಆರಂಭಿಸಿದರು. ಜಾಹೀರಾತಿಲ್ಲದ ನಿಯಮವನ್ನು ಅವರೂ ಬಿಡಲಿಲ್ಲ. ಆದರೆ ಕಾಲ ಬದಲಾಗಿತ್ತು. ಓದುಗ ಕಡಿಮೆಯಾಗಿದ್ದ, ಖರ್ಚು ಏರಿತ್ತು, ಎದುರಾಳಿಗಳ ಸ್ವರೂಪವೂ ಬೇರೆಯಾಗಿತ್ತು. ತಂದೆ ಎದುರಿಸಿದ್ದು ಬಹುಪಾಲು ಅಧಿಕಾರದ ದರ್ಪವನ್ನು. ಆ ದರ್ಪಕ್ಕೆ ಸಿಟ್ಟು ಬರುತ್ತಿತ್ತು, ಮೊಕದ್ದಮೆ ಹೂಡುತ್ತಿತ್ತು. ಮಗಳು ಎದುರಿಸಬೇಕಾದದ್ದು ಮತಾಂಧತೆಯನ್ನು. ಅದಕ್ಕೆ ನಗುವೂ ಗೊತ್ತಿಲ್ಲ, ನ್ಯಾಯಾಲಯವೂ ಬೇಕಿಲ್ಲ.

2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯವೊಂದು ಮಾನನಷ್ಟ ಪ್ರಕರಣದಲ್ಲಿ ಗೌರಿಯವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತು. ಅವರು ಜಾಮೀನು ಪಡೆದರು. 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಕಚೇರಿಯಿಂದ ಮರಳಿದ ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಅವರಿಗೆ ಆಗ 55 ವರ್ಷ. ಎರಡು ವರ್ಷ ಮೊದಲು, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ ಮನೆಬಾಗಿಲಲ್ಲೇ ಕೊಂದಿದ್ದರು. ವಿಶೇಷ ತನಿಖಾ ದಳ ಆರೋಪಿಗಳನ್ನು ಬಂಧಿಸಿತು. ಗೌರಿ ಪ್ರಕರಣದ ಸಾಕ್ಷ್ಯ ವಿಚಾರಣೆ ಆರಂಭವಾಗಲು 2022 ಬರಬೇಕಾಯಿತು. ಗೌರಿ ಬರೆದ ಕೊನೆಯ ಸಂಪಾದಕೀಯದ ವಿಷಯ ಸುಳ್ಳು ಸುದ್ದಿಗಳ ಹಾವಳಿ. ಅಧಿಕಾರ ಬಚ್ಚಿಟ್ಟ ಸತ್ಯವನ್ನು ಹೊರಗೆಳೆಯುವುದು ತಂದೆಯ ಕಾಲದ ಪತ್ರಕರ್ತನ ಕೆಲಸವಾಗಿದ್ದರೆ, ಮಗಳ ಕಾಲಕ್ಕೆ ಎಲ್ಲೆಡೆ ಸುರಿಯುವ ಸುಳ್ಳಿನ ನಡುವೆ ಸತ್ಯವನ್ನು ಗುರುತಿಸಿ ಹೇಳುವುದೇ ಕೆಲಸವಾಗಿತ್ತು.

ಉಳಿದಿರುವ ಪ್ರಶ್ನೆ

ಲಂಕೇಶರ ಜೀವನದಿಂದ ನಾವು ತೆಗೆದುಕೊಳ್ಳಬಹುದಾದದ್ದು ಯಾವುದು? ಅವರ ಪ್ರತಿಭೆ ಅನುಕರಣೆಗೆ ಸಿಗುವಂಥದ್ದಲ್ಲ. ಅವರ ಕಾಲದ ಚಳವಳಿಗಳ ಕಾವು ಮರಳಿ ಬರುತ್ತದೆಂದು ಕಾಯುತ್ತ ಕೂರುವುದೂ ವ್ಯರ್ಥ. ಆದರೆ ಅವರ ಪ್ರಯೋಗದ ತಿರುಳು ಇಂದಿಗೂ ಅನ್ವಯಿಸುವಂಥದ್ದು. ಸುದ್ದಿಗೆ ಯಾರು ಹಣ ಕೊಡುತ್ತಾರೋ ಸುದ್ದಿ ಕೊನೆಗೆ ಅವರ ಮಾತನ್ನು ಕೇಳುತ್ತದೆ. ಇಂದು ಸುದ್ದಿ ಪುಕ್ಕಟೆಯಾಗಿ ಸಿಗುತ್ತದೆಂದು ನಾವು ಭಾವಿಸಿದ್ದೇವೆ. ಪುಕ್ಕಟೆ ಸಿಗುವ ಸುದ್ದಿಯ ಬಿಲ್ಲನ್ನು ಬೇರೆ ಯಾರೋ ಕಟ್ಟಿದ್ದಾರೆ: ಜಾಹೀರಾತುದಾರ, ರಾಜಕೀಯ ಪಕ್ಷ, ಗಣಿಯ ಧಣಿ, ಜಮೀನಿನ ವ್ಯಾಪಾರಿ, ಅಥವಾ ನಮ್ಮ ಗಮನವನ್ನೇ ಸರಕಾಗಿ ಮಾರುವ ಸಾಗರದಾಚೆಯ ಕಂಪನಿ. ಓದುಗರ ಚಂದಾದಿಂದ ನಡೆಯಲು ಯತ್ನಿಸುತ್ತಿರುವ ಸಣ್ಣ ಪುಟ್ಟ ಸುದ್ದಿತಾಣಗಳು, ಬೆರಳೆಣಿಕೆಯ ಪತ್ರಿಕೆಗಳು ಕನ್ನಡದಲ್ಲೂ ಇವೆ. ಅವು ಉಸಿರಾಡುತ್ತಿರುವುದು ಕಷ್ಟದಿಂದ.

ಎಂಬತ್ತರ ದಶಕದಲ್ಲಿ ಕೈಯಲ್ಲಿ ಹೆಚ್ಚು ಹಣವಿಲ್ಲದ ಹಾಸ್ಟೆಲಿನ ಹುಡುಗ, ಪ್ರಾಥಮಿಕ ಶಾಲೆಯ ಮೇಷ್ಟ್ರು, ಬಸ್ ಕಂಡಕ್ಟರ್, ಹಳ್ಳಿಯ ಸಣ್ಣ ಹಿಡುವಳಿದಾರ ಒಂದೊಂದು ಪ್ರತಿ ಕೊಂಡು, ಹತ್ತು ಜನ ಹಂಚಿಕೊಂಡು ಓದಿ, ಒಂದು ಸ್ವತಂತ್ರ ಪತ್ರಿಕೆಯನ್ನು ಎರಡು ದಶಕ ಸಾಕಿದರು. ಲಂಕೇಶರ ಕತೆಯನ್ನು ಹೇಳುವಾಗ ನಾವು ಸಂಪಾದಕನ ಧೈರ್ಯವನ್ನು ಹೊಗಳಿ ಈ ಜನರನ್ನು ಮರೆಯುತ್ತೇವೆ. ಅವರಿಗಿಂತ ಎಷ್ಟೋ ಅನುಕೂಲಸ್ಥರಾದ ಇಂದಿನ ಓದುಗರು ತಮ್ಮ ಪತ್ರಿಕೆಗೆ ಅದರ ಪೂರ್ತಿ ಬೆಲೆ ಕೊಡಲು ಸಿದ್ಧರಾಗುವವರೆಗೆ, ಇನ್ನೊಬ್ಬ ಲಂಕೇಶ್ ಯಾಕೆ ಹುಟ್ಟಲಿಲ್ಲ ಎಂದು ಕೇಳುವ ಹಕ್ಕು ನಮಗೆ ಪೂರ್ತಿಯಾಗಿ ಬರುವುದಿಲ್ಲ.